ಎಲ್ಲಿಯವರೆಗೆ ಬಂದು ನಿಂತಿತು?

ಮೇ ತಿಂಗಳ ಮಧ್ಯಾಹ್ನ ಬುಟಿಬೋರಿಯಲ್ಲಿ ಅಂಗಡಿಗಳ ಷಟರುಗಳು ಅರ್ಧಕ್ಕೆ ಇಳಿದಿರುತ್ತವೆ. ವ್ಯಾಪಾರ ನಿಂತಿದೆ ಎಂದಲ್ಲ, ಬಿಸಿಲು ಒಳಗೆ ಬಂದು ಕೂರದಿರಲಿ ಎಂದು. ಗಿರಾಕಿ ಬಗ್ಗಿ ಒಳನುಗ್ಗಬೇಕು, ಕಣ್ಣು ಕತ್ತಲಿಗೆ ಹೊಂದುವವರೆಗೆ ಬಾಗಿಲಲ್ಲೇ ನಿಲ್ಲಬೇಕು. ಹೊರಗೆ 45 ಡಿಗ್ರಿ. ನಾಗಪುರದಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದ ಈ ಊರನ್ನು ಹಾದು 44ನೇ ರಾಷ್ಟ್ರೀಯ ಹೆದ್ದಾರಿ ಹೈದರಾಬಾದಿನ ಕಡೆಗೆ ಹೋಗುತ್ತದೆ. ಇಲ್ಲೇ ಕವಲೊಡೆಯುವ 361ನೇ ಹೆದ್ದಾರಿ ವರ್ಧಾ, ಯವತಮಾಳ, ನಾಂದೇಡ, ಲಾತೂರು ದಾಟಿ ತುಳಜಾಪುರ ಮುಟ್ಟುತ್ತದೆ. ಬೀದರ್, ಕಲಬುರಗಿ ಸೀಮೆಯಲ್ಲಿ ಅಲ್ಲಿನ ಅಂಬಾಭವಾನಿಗೆ ನಡೆದುಕೊಳ್ಳುವ ಮನೆತನಗಳು ಎಷ್ಟೋ. ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ದುಡಿಯಲು ಬಂದ ಆ ಕಡೆಯವರಿಗೆ ಬುಟಿಬೋರಿ ಪೂರಾ ಪರಸ್ಥಳವೇನಲ್ಲ, ದೇವಿಯ ರಸ್ತೆಯ ಇನ್ನೊಂದು ತುದಿ.

ಎಂಐಡಿಸಿ ಕಡೆಗೆ ಹೊರಳುವ ಬೀದಿಯಲ್ಲಿ ಬೆಳಿಗ್ಗೆ ತರ್ರಿ ಪೋಹೆಯ ಗಾಡಿ ನಿಲ್ಲುತ್ತದೆ. ಕೆಂಪು ಎಣ್ಣೆ ತೇಲುವ ಕಡಲೆ ರಸವನ್ನು ಅವಲಕ್ಕಿಯ ಮೇಲೆ ಸುರಿದುಕೊಂಡು ತಿಂದು, ಬೆವರೊರೆಸಿಕೊಂಡು ಶಿಫ್ಟಿಗೆ ಹೋಗುವವರ ಸಾಲು ಒಂಬತ್ತಕ್ಕೆಲ್ಲ ಕರಗುತ್ತದೆ. ಆಮೇಲೆ ಬೀದಿ ಕೂಲರ್ ರಿಪೇರಿಯವರದು. ತಗಡಿನ ಕೂಲರುಗಳು ಫುಟ್‌ಪಾತಿನ ಮೇಲೆ ಬಾಯಿ ತೆರೆದು ಕೂತಿರುತ್ತವೆ, ಒಣಗಿದ ಹುಲ್ಲಿನ ಪ್ಯಾಡುಗಳು ಕಟ್ಟುಕಟ್ಟಾಗಿ ಗೋಡೆಗೊರಗಿರುತ್ತವೆ. ಅವುಗಳ ನಡುವೆ ಹತ್ತಡಿ ಅಗಲದ ಲ್ಯಾಪ್‌ಟಾಪ್ ರಿಪೇರಿ ಅಂಗಡಿ.

ಒಳಗಿನ ಗೋಡೆಯ ತುಂಬ ಮೊಳೆಗಳು, ಮೊಳೆಗಳಿಗೆ ನೇತುಬಿದ್ದ ಹಸಿರು ನೀಲಿ ಬೋರ್ಡುಗಳು. ಇವು ಮತ್ತೆ ಏಳುವುದಿಲ್ಲ. ಅಂಗಾಂಗ ಕೊಡಲು ಉಳಿದಿರುವಂಥವು, ಹೆಸರೂ ಡೋನರ್ ಬೋರ್ಡ್ ಎಂದೇ. ಮೇಜಿನ ಮೇಲೆ ಬಿಸಿಗೆ ಸುಡದ ನೀಲಿ ಹಾಸು, ಮೀಟರ್, ಬಿಸಿಗಾಳಿಯ ಬ್ಲೋವರ್, ಕೆಂಪು ಅಂಕಿ ತೋರಿಸುವ ಡಿ.ಸಿ. ಸಪ್ಲೈ, ಬೋರ್ಡು ತೊಳೆಯುವ ಐಪಿಎ ದ್ರಾವಣದ ಬಾಟಲಿ, ಸವೆದ ಹಲ್ಲುಜ್ಜುವ ಬ್ರಷ್, ಶಾಲೆ ಮಕ್ಕಳ ಬಿಳಿ ರಬ್ಬರು. ಸ್ಟೀಲಿನ ಟಿಫಿನ್ ಡಬ್ಬಿಯಲ್ಲಿ ಊಟದ ಬದಲು ಸ್ಕ್ರೂ. ಅಂಗಡಿಯಲ್ಲೂ ಒಂದು ಕೂಲರ್ ಇದೆ, ಆದರೆ ಅದರ ಮುಖ ಗಿರಾಕಿಗಳ ಬೆಂಚಿನ ಕಡೆಗೆ. ರಿಪೇರಿ ಮಾಡುವಾತ ತನ್ನ ಮೇಜಿಗೆ ಆ ಗಾಳಿ ತಾಗಲು ಬಿಡುವುದಿಲ್ಲ. ಬನಿಯನ್ ಬೆನ್ನಿಗೆ ಅಂಟಿದ್ದರೂ ಸರಿ.

ಎಲ್ಲರೂ ಅವನನ್ನು ಭಾವೂ ಎನ್ನುತ್ತಾರೆ. ಕೆಲಸ ಕಲಿತದ್ದು ಸೀತಾಬರ್ಡಿಯ ಕಂಪ್ಯೂಟರ್ ಅಂಗಡಿಗಳಲ್ಲಿ. ಬೆಂಗಳೂರಿಗೆ ಎಸ್.ಪಿ. ರೋಡ್ ಹೇಗೋ ನಾಗಪುರಕ್ಕೆ ಬರ್ಡಿ ಹಾಗೆ. ಯಾರು ಬಂದು ಲ್ಯಾಪ್‌ಟಾಪ್ ಇಟ್ಟು "ಚಾಲೂ ಹೋ ನಹೀ ರಾ" ಎಂದರೂ ಅವನು ಮುಟ್ಟುವುದಕ್ಕೆ ಮೊದಲು ಕೇಳುವುದು ಒಂದೇ ಪ್ರಶ್ನೆ: "ಕುಠ್‌ಪರ್ಯಂತ್ ಯೇತೋ?" ಎಲ್ಲಿಯವರೆಗೆ ಬರುತ್ತದೆ?

ಬಹಳ ಜನಕ್ಕೆ ಈ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಆನ್ ಆಗುವುದಿಲ್ಲ ಎಂದ ಮೇಲೆ ಆಯಿತಲ್ಲ, ಬರುವುದೆಲ್ಲಿ? ಆದರೆ ಆನ್ ಆಗದಿರುವುದರಲ್ಲಿ ಹತ್ತು ಬಗೆ ಇದೆ. ದೀಪವೇ ಹೊತ್ತದಿರುವುದು ಬೇರೆ, ದೀಪ ಹೊತ್ತಿ ಆರಿದ್ದು ಬೇರೆ. ಫ್ಯಾನ್ ತಿರುಗಿ ಪರದೆ ಕಪ್ಪಾಗಿಯೇ ಉಳಿದದ್ದು ಬೇರೆ. ಕಂಪನಿಯ ಗುರುತು ಮೂಡಿ ಅಲ್ಲೇ ಕೂತದ್ದು, ನೀಲಿ ಪರದೆ ಬಂದದ್ದು, ಚುಕ್ಕೆಗಳ ಚಕ್ರ ರಾತ್ರಿಯೆಲ್ಲ ಸುತ್ತಿದ್ದು, ಇವೆಲ್ಲ ಬೇರೆ ಬೇರೆ ಕಾಯಿಲೆ. ನಮ್ಮಲ್ಲಿ ಮಾತ್ರ ಎಲ್ಲಕ್ಕೂ ಒಂದೇ ಮದ್ದು: "ಫಾರ್ಮ್ಯಾಟ್ ಹೊಡೆಸಿಬಿಡಿ." ಇಷ್ಟು ಮಕ್ಕಳ ಫೋಟೋ, ಇಷ್ಟು ಮದುವೆಯ ವಿಡಿಯೋ, ಇಷ್ಟು ಪಾವತಿಯ ಲೆಕ್ಕ ಅಳಿಸಿಹಾಕಿದ ಸಲಹೆ ಇನ್ನೊಂದಿರಲಾರದು. ಕರೆಂಟೇ ಒಳಗೆ ಹೋಗದ ಯಂತ್ರಕ್ಕೂ ಫಾರ್ಮ್ಯಾಟ್ ಹೇಳಿ ಕಳಿಸುವವರಿದ್ದಾರೆ.

ನಾನು ಹೋಗಿ ಕೂತ ದಿನ ಮೊದಲು ಬಂದದ್ದು ಮಹಾ ಇ-ಸೇವಾ ಕೇಂದ್ರ ನಡೆಸುವ ಹಿರಿಯರೊಬ್ಬರ ಯಂತ್ರ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಜಮೀನಿನ ಸಾತ್‌ಬಾರಾ ಉತಾರೆ ಎಲ್ಲ ಅದರಲ್ಲೇ. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಭಾವೂ ಕ್ಯಾಪ್ಸ್ ಲಾಕ್ ಒತ್ತಿದ, ಅದರ ಪುಟ್ಟ ದೀಪ ಅಲುಗಲಿಲ್ಲ. ಅದು ಒತ್ತಿದಂತೆ ಹೊತ್ತಿ ಆರಿದ್ದರೆ ಒಳಗೆ ಯಂತ್ರ ಎದ್ದಿದೆ, ಪರದೆಯದ್ದೇ ದೋಷ ಎಂದು ತಿಳಿಯಬಹುದಿತ್ತು. ಆಗ ಮೊಬೈಲಿನ ಟಾರ್ಚನ್ನು ಓರೆಯಾಗಿ ಪರದೆಗೆ ಹಿಡಿಯುತ್ತಾನೆ. ಮಸುಕಾಗಿ ಚಿತ್ರ ಕಂಡರೆ ಹಿಂಬೆಳಕು ಹೋಗಿದೆ ಎಂದು ಲೆಕ್ಕ. ಇಲ್ಲಿ ಅದರ ಅಗತ್ಯ ಬೀಳಲಿಲ್ಲ. ತಳದ ಮುಚ್ಚಳ ಬಿಚ್ಚಿ, ಬ್ಯಾಟರಿಯ ಕನೆಕ್ಟರ್ ಎಳೆದು, ರ‍್ಯಾಮ್ ಪಟ್ಟಿಯ ಎರಡು ಬದಿಯ ಕ್ಲಿಪ್ ಸರಿಸಿದ. ಪಟ್ಟಿ ತಾನಾಗಿ ಮೇಲೆದ್ದಿತು. ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಬ್ರಷ್‌ನಿಂದ ಕೊಡವಿ, ಐಪಿಎ ಸವರಿ ಮತ್ತೆ ಕೂರಿಸಿದ. ಮೊದಲ ಸಲ ಪರದೆ ಏಳಲು ತುಸು ಹೊತ್ತು ಹಿಡಿಯಿತು. ರ‍್ಯಾಮ್ ಕಳಚಿ ಹಾಕಿದ ಮೇಲೆ ಯಂತ್ರ ಅದನ್ನು ಹೊಸದಾಗಿ ಅಳೆದುಕೊಳ್ಳುತ್ತದೆ. ಆ ಅರ್ಧ ನಿಮಿಷದ ಕತ್ತಲೆಯಲ್ಲಿ ಹೆದರಿ ಬಟನ್ ಒತ್ತಿ ಆರಿಸುವವರೇ ಹೆಚ್ಚು. ರಬ್ಬರಿನಿಂದ ಉಜ್ಜುವುದು ಸರಿಯಲ್ಲ, ಲೇಪ ಸವೆಯುತ್ತದೆ ಎನ್ನುವ ಶುದ್ಧಾಚಾರಿಗಳೂ ಇದ್ದಾರೆ. ಅವರ ಮಾತೂ ಸುಳ್ಳಲ್ಲ. ಆದರೆ ಜೂನ್ ಹತ್ತಿರ ಬಂದು, ಕಾಲೇಜು ಸೇರುವ ಮಕ್ಕಳು ಪ್ರಮಾಣಪತ್ರಕ್ಕೆ ಸಾಲುಗಟ್ಟಿ ನಿಂತಿರುವಾಗ ಹಿರಿಯರಿಗೆ ಅವರ ಯಂತ್ರ ಬೇಕು.

ಬೆಂಚಿನ ಮೇಲೆ ಕಾಯುತ್ತಿದ್ದವರು ಭಾಲ್ಕಿ ಕಡೆಯ ತಂದೆ ಮಗಳು. ಅಪ್ಪ ನೂಲಿನ ಕಾರ್ಖಾನೆಯಲ್ಲಿ ಸುಪರ್‌ವೈಸರ್, ಮಗಳು ನಾಗಪುರದ ಕಾಲೇಜಿಗೆ ದಿನಾ ಹೋಗಿಬರುವವಳು. ಬೆನ್ನಿನ ಚೀಲದಲ್ಲಿ ಲ್ಯಾಪ್‌ಟಾಪ್, ಅದರೊಳಗೆ ನಾಳೆ ಕೊಡಬೇಕಾದ ಪ್ರಾಜೆಕ್ಟ್ ರಿಪೋರ್ಟು.

"ಮುಂಜಾನಿ ಬಟನ್ ಒತ್ತಿದ್ರ ಏನೂ ಇಲ್ಲ. ನಿನ್ನಿ ರಾತ್ರಿತನಾ ಚೊಲೋ ಇತ್ತು," ಎಂದಳು ಮಗಳು ಅಪ್ಪನ ಕಡೆ ತಿರುಗಿ. ಅಪ್ಪ ಅದನ್ನು ಹಿಂದಿಗಿಳಿಸಿದರು. ಭಾವೂ ಮತ್ತೆ ಕೇಳಿದ: ಕರೆಂಟ್ ಹೋಗಿ ಬಂದಿತ್ತಾ? ಹೌದು, ನಿನ್ನೆ ಸಂಜೆ. ಆಮೇಲೆ ಎಷ್ಟು ಹೊತ್ತು ಕೆಲಸ ಮಾಡಿದೆ? ಎರಡು ಮೂರು ತಾಸು. ಚಾರ್ಜರ್ ಹಚ್ಚೇ ಇತ್ತಾ? ಹಚ್ಚೇ ಇತ್ತು. ಮೂಲೆಯ ಬ್ಯಾಟರಿ ಚಿತ್ರದಲ್ಲಿ ಪ್ಲಗ್ಗಿನ ಗುರುತು ನೋಡಿದ್ದೆಯಾ? ಹುಡುಗಿ ಸುಮ್ಮನಾದಳು. ಅದನ್ನು ಯಾರು ನೋಡುತ್ತಾರೆ?

ಭಾವೂ ಚಾರ್ಜರನ್ನು ಗೋಡೆಗೆ ಹಚ್ಚಿದ. ಅಡಾಪ್ಟರಿನ ಮೇಲಿನ ಬಿಳಿ ದೀಪ ಹೊತ್ತಿತು. ಪಿನ್ನನ್ನು ಲ್ಯಾಪ್‌ಟಾಪಿಗೆ ಚುಚ್ಚಿದ ಕೂಡಲೇ ಆರಿತು. ತೆಗೆದ, ಒಂದು ಗಳಿಗೆ ಬಿಟ್ಟು ಮತ್ತೆ ಹೊತ್ತಿತು. ಮತ್ತೆ ಚುಚ್ಚಿದ, ಮತ್ತೆ ಆರಿತು. "ಶಾರ್ಟ್," ಎಂದ. ಒಳಗೆ ಕರೆಂಟು ದಾರಿ ತಪ್ಪಿ ನೇರ ನೆಲಕ್ಕಿಳಿಯುತ್ತಿದೆ, ಅದನ್ನು ಕಂಡು ಅಡಾಪ್ಟರ್ ತನ್ನನ್ನು ತಾನೇ ಕಾಪಾಡಿಕೊಳ್ಳಲು ಬಾಗಿಲು ಮುಚ್ಚಿಕೊಳ್ಳುತ್ತಿದೆ. ಅಂದರೆ ಯಂತ್ರ ಕೆಟ್ಟದ್ದು ಈ ಬೆಳಿಗ್ಗೆ ಅಲ್ಲ, ನಿನ್ನೆ ಸಂಜೆ ಕರೆಂಟು ಬಂದಾಗ. ಆಮೇಲಿನ ಎರಡು ಮೂರು ತಾಸು ಅದು ಬ್ಯಾಟರಿಯ ಮೇಲೆ ಓಡಿದೆ. ಉಳಿದದ್ದೂ ರಾತ್ರಿ ತೀರಿತು. ಹುಡುಗಿ ಕಂಡದ್ದು ಕೊನೆಯನ್ನು ಮಾತ್ರ.

ಪವರ್ ಬಟನ್ ಒತ್ತುವುದಕ್ಕೂ ಪರದೆಯಲ್ಲಿ ಗುರುತು ಮೂಡುವುದಕ್ಕೂ ನಡುವೆ ನಡೆಯುವ ವ್ಯವಹಾರ ನೋಡಿದವರಿಗೆ ಭಾವೂನ ಪ್ರಶ್ನೆ ಎಷ್ಟು ಸರಿ ಎಂದು ತಿಳಿಯುತ್ತದೆ. ಅಡಾಪ್ಟರಿನಿಂದ 19 ವೋಲ್ಟ್ ಬರುತ್ತದೆ. ಬಟನ್ ಮುಟ್ಟುವ ಮೊದಲೇ ಬೋರ್ಡು ಅದರಿಂದ 3.3 ಮತ್ತು 5 ವೋಲ್ಟಿನ ಎರಡು ಸಣ್ಣ ಸಪ್ಲೈ ಮಾಡಿ ಇಟ್ಟುಕೊಂಡಿರುತ್ತದೆ. ಅವುಗಳ ಮೇಲೆ ಎಚ್ಚರವಾಗಿ ಕೂತಿರುವುದು ರಿಪೇರಿಯವರು ಐಒ ಎಂದು ಕರೆಯುವ ಚಿಪ್ಪು. ಬಟನ್ ಒತ್ತಿದ ಸುದ್ದಿ ಮೊದಲು ಅದಕ್ಕೆ. ಅದು ಒಪ್ಪಿದರೆ ಒಂದರ ಹಿಂದೆ ಒಂದರಂತೆ ಬೇರೆ ಸಪ್ಲೈಗಳು ಏಳುತ್ತವೆ, ಕೊನೆಗೆ ಪ್ರೊಸೆಸರಿನದು. ಪ್ರೊಸೆಸರ್ ಎದ್ದು ಎಂಟು ಕಾಲಿನ ಒಂದು ಪುಟ್ಟ ಚಿಪ್ಪಿನಿಂದ ಬಯೋಸ್ ಓದುತ್ತದೆ, ರ‍್ಯಾಮ್ ಪರೀಕ್ಷಿಸುತ್ತದೆ, ಆಮೇಲಷ್ಟೇ ಪರದೆ. ವಿಂಡೋಸಿನ ಸರದಿ ಎಲ್ಲಕ್ಕೂ ಕೊನೆ. 1981ರ ಐಬಿಎಂ ಪಿಸಿ ತನ್ನನ್ನು ಪರೀಕ್ಷಿಸಿಕೊಂಡು ಸರಿಯಿದ್ದರೆ ಒಂದು ಬೀಪ್ ಹಾಕುತ್ತಿತ್ತು. ಈಗಿನ ತೆಳು ಯಂತ್ರಗಳು ದೀಪ ಮಿಟುಕಿಸಿ ಹೇಳುತ್ತವೆ, ಎಷ್ಟು ಮಿಟುಕಿಗೆ ಏನರ್ಥ ಎಂಬುದು ಕಂಪನಿಗೊಂದು ಥರ. ಈ ಸರಪಳಿಯಲ್ಲಿ ಯಾವ ಕೊಂಡಿಯವರೆಗೆ ಬಂದಿದೆ ಎಂದು ತಿಳಿದರೆ ಅದರ ಹಿಂದಿನದೆಲ್ಲ ಸರಿಯಿದೆ ಎಂದಾಯಿತು. ಅರ್ಧ ಹುಡುಕಾಟ ಅಲ್ಲಿಗೇ ಮುಗಿಯಿತು.

ಮನೆಯಲ್ಲೇ ಮಾಡಬಹುದಾದದ್ದೂ ಒಂದಿದೆ. ಚಾರ್ಜರ್ ತೆಗೆದು, ಬ್ಯಾಟರಿ ಕಳಚುವಂಥದಾಗಿದ್ದರೆ ಕಳಚಿ, ಪವರ್ ಬಟನನ್ನು ಅರ್ಧ ನಿಮಿಷ ಒತ್ತಿ ಹಿಡಿಯುವುದು. ಬೋರ್ಡಿನಲ್ಲಿ ಉಳಿದ ಕರೆಂಟು ಇಳಿದು, ಗೊಂದಲಗೊಂಡ ಐಒ ಹೊಸದಾಗಿ ಏಳುತ್ತದೆ. ನಂಬಲಾಗದಷ್ಟು ಯಂತ್ರಗಳು ಇದಕ್ಕೇ ಸರಿಹೋಗುತ್ತವೆ. ಆದರೆ ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಯಾವ ಪ್ರಯೋಗವೂ ಬೇಡ. ಅದನ್ನು ಒತ್ತುವುದು, ಚುಚ್ಚುವುದು ಬೆಂಕಿಗೆ ಆಹ್ವಾನ.

ಹುಡುಗಿಯ ಯಂತ್ರದ ತಳ ಬಿಚ್ಚಿದಾಗ ಮೊದಲು ಕಂಡದ್ದು ಫ್ಯಾನಿನ ಬಾಯಿಗೆ ಅಡ್ಡ ಕೂತ ಬೂದು ಬಣ್ಣದ ಹಾಳೆ. ಧೂಳು ಮತ್ತು ನೂಲಿನ ನವಿರು ಸೇರಿ ಒತ್ತೊತ್ತಾಗಿ ಹೆಣೆದುಕೊಂಡು ಆದದ್ದು. ಭಾವೂ ಚಿಮಟದಿಂದ ಅದನ್ನು ಇಡಿಯಾಗಿ ಎಳೆದ. ಅಪ್ಪ ಬೆರಳಲ್ಲಿ ಹಿಸುಕಿ ನೋಡಿ, "ನಮ್ ಕಂಪನಿ ಮಾಲೇ ಅದ ಇದು," ಎಂದು ನಕ್ಕರು. ಅವರ ಅಂಗಿಯಲ್ಲಿ ಅಂಟಿ ಮನೆಗೆ ಬಂದ ನವಿರೂ ಅದರಲ್ಲಿ ಇದ್ದಿರಬೇಕು.

ಲ್ಯಾಪ್‌ಟಾಪ್ ಕಂಪನಿಗಳು ಸಾಮಾನ್ಯವಾಗಿ ಹೇಳುವುದು ಸುತ್ತಲ ಗಾಳಿ 35 ಡಿಗ್ರಿಯವರೆಗೆ ಇದ್ದರೆ ಯಂತ್ರ ಸುಖವಾಗಿರುತ್ತದೆ ಎಂದು. ವಿದರ್ಭದಲ್ಲಿ ಮಾರ್ಚ್ ಮುಗಿಯುವ ಮೊದಲೇ ಆ ಮಿತಿ ದಾಟಿರುತ್ತದೆ. ಆದ್ದರಿಂದ ಜನ ಕೂಲರಿನ ಮುಂದೆ ಕೂತು ಕೆಲಸ ಮಾಡುತ್ತಾರೆ. ಮನುಷ್ಯರಿಗೆ ಅದಕ್ಕಿಂತ ಹಿತವಾದದ್ದಿಲ್ಲ, ಒಣ ಬಿಸಿಗಾಳಿ ಒದ್ದೆ ಹುಲ್ಲನ್ನು ಹಾದು ತಂಪಾಗಿ ಬರುತ್ತದೆ. ಆದರೆ ಆ ತಂಪಿನ ಜೊತೆ ತೇವವೂ ಬರುತ್ತದೆ, ಕೆಲವು ಕೂಲರುಗಳಿಂದ ಸಣ್ಣ ಹನಿಗಳೂ. ಹನಿ ಆರಿದ ಮೇಲೆ ಗಡಸು ನೀರಿನ ಉಪ್ಪು ಉಳಿಯುತ್ತದೆ. ಚಾರ್ಜಿಂಗ್ ಸಾಕೆಟ್ಟಿನ ಪಕ್ಕದ ಬೋರ್ಡಿನ ಮೇಲೆ ಬಿಳಿ ಮಚ್ಚೆಗಳಿದ್ದವು.

"ಹೇಳಿದ್ನಲ್ಲ, ಕೂಲರ್ ಮುಂದ ಕುಂದ್ರಬ್ಯಾಡ ಅಂತ."

"ಅಪ್ಪಾ, ನೀನೇ ಅಲ್ಲಿ ಟೇಬಲ್ ಹಾಕಿಕೊಟ್ಟಿ."

ಹುಡುಕಾಟಕ್ಕೆ ಕೈಹಾಕುವ ಮೊದಲು ಭಾವೂ ಇನ್ನೊಂದು ಕೆಲಸ ಮಾಡಿದ. ಬೋರ್ಡಿನಿಂದ ಬೆರಳುದ್ದದ ಎಸ್‌ಎಸ್‌ಡಿ ಪಟ್ಟಿಯನ್ನು ಬಿಚ್ಚಿ, ಒಂದು ಡಬ್ಬಿಗೆ ಸೇರಿಸಿ, ತನ್ನ ಲ್ಯಾಪ್‌ಟಾಪಿನ ಯುಎಸ್‌ಬಿಗೆ ಚುಚ್ಚಿದ. ಫೋಲ್ಡರುಗಳು ಸಾಲಾಗಿ ತೆರೆದವು. ಹುಡುಗಿ ತನ್ನ ರಿಪೋರ್ಟನ್ನು ತೋರಿಸಿದಳು, ಅವನು ಅದನ್ನು ಪೆನ್‌ಡ್ರೈವಿಗೆ ಹಾಕಿ ಅವಳ ಕೈಗಿಟ್ಟ. ಯಂತ್ರ ಏಳಲಿ ಬಿಡಲಿ, ನಾಳೆಯ ಕೆಲಸ ಆಯಿತು. ಒಳ್ಳೆಯ ರಿಪೇರಿಯವನನ್ನು ನಾನು ಗುರುತಿಸುವುದು ಈ ಕ್ರಮದಿಂದ. ಮೊದಲು ಡೇಟಾ ಬೇಕಾ ಎಂದು ಕೇಳುವವನ ಕೈಗೆ ಯಂತ್ರ ಕೊಡಬಹುದು. ಮೊದಲು ಪಾಸ್‌ವರ್ಡ್ ಕೇಳುವವನ ವಿಷಯದಲ್ಲಿ ಎರಡು ಸಲ ಯೋಚಿಸಬೇಕು.

ಮೀಟರನ್ನು ಬೀಪಿಗೆ ತಿರುಗಿಸಿ ಸಾಕೆಟ್ಟಿನ ಹಿಂದಿನ ಕೆಪ್ಯಾಸಿಟರುಗಳನ್ನು ಮುಟ್ಟಿದ. ಎಲ್ಲವೂ ಬೀಪ್ ಅಂದವು. ಎಳ್ಳುಕಾಳಿನಷ್ಟೇ ಇರುವ ಈ ಕಂದು ಚೂರುಗಳು ಒಂದೇ ತಂತಿಯ ಮೇಲೆ ಸಾಲಾಗಿ ಕೂತಿರುತ್ತವೆ. ಒಂದು ಒಳಗೊಳಗೇ ಬೆಸೆದುಕೊಂಡರೆ ಸಾಲಿಗೆ ಸಾಲೇ ಕೆಟ್ಟಂತೆ ಮೀಟರಿಗೆ ತೋರುತ್ತದೆ. ಯಾವುದು ಕೆಟ್ಟದ್ದು ಎಂದು ಪತ್ತೆ ಹಚ್ಚಲು ದೊಡ್ಡ ಅಂಗಡಿಗಳಲ್ಲಿ ಥರ್ಮಲ್ ಕ್ಯಾಮೆರಾ ಇದೆ. ಇಲ್ಲಿ ಇರುವುದು ಒಂದು ತುಂಡು ರಾಳ.

ಕಾದ ಸೋಲ್ಡರಿಂಗ್ ಕಡ್ಡಿಯ ತುದಿಯನ್ನು ರಾಳಕ್ಕೆ ಒತ್ತಿದ. ದಟ್ಟ ಬಿಳಿ ಹೊಗೆ ಎದ್ದಿತು. ಬೋರ್ಡನ್ನು ಹೊಗೆಯ ಮೇಲೆ ಬೋರಲಾಗಿ ಹಿಡಿದು ಅತ್ತ ಇತ್ತ ಆಡಿಸಿದ. ಅಂಗಡಿ ತುಂಬ ವಾಸನೆ ಹಬ್ಬಿತು. "ಊರಾಗ ಪಲ್ಲಕ್ಕಿ ಮುಂದ ರಾಳ ಹಾಕ್ದಂಗ ಆತು ನೋಡು," ಎಂದರು ಅಪ್ಪ. ಬೋರ್ಡು ತಿರುಗಿಸಿದಾಗ ಸಾಕೆಟ್ಟಿನ ಸುತ್ತಲಿನ ಭಾಗಗಳೆಲ್ಲ ತೆಳ್ಳಗೆ ಬೆಳ್ಳಗಾಗಿದ್ದವು. ಡಿ.ಸಿ. ಸಪ್ಲೈಯನ್ನು 1 ವೋಲ್ಟಿಗೆ ಇಳಿಸಿ, ಎರಡು ವೈರುಗಳನ್ನು ಸಾಕೆಟ್ಟಿನ ತಂತಿಗೂ ನೆಲಕ್ಕೂ ಹಿಡಿದ. ಕೆಂಪು ಅಂಕಿ ಏರತೊಡಗಿತು. ನಾವು ನಾಲ್ಕು ತಲೆ ಮೇಜಿನ ಮೇಲೆ ಬಗ್ಗಿದೆವು. ಐದಾರು ಸೆಕೆಂಡು ಏನೂ ಇಲ್ಲ. ಆಮೇಲೆ ಸಾಲಿನ ಮೂರನೆಯ ಚೂರಿನ ಮೇಲಿನ ಬಿಳುಪು ಕರಗಿ ನೀರಾಯಿತು, ಅದರ ಕಂದು ಮೈ ಹೊಳೆಯಿತು. ಅಕ್ಕಪಕ್ಕದವು ಬೆಳ್ಳಗೇ ಇದ್ದವು.

"ಹಾ ಬಗ್," ಎಂದ ಭಾವೂ. ಇದೇ ನೋಡು.

ಕರೆಂಟು ತಪ್ಪಿ ಹೋಗುತ್ತಿರುವ ಜಾಗವೇ ಬಿಸಿಯಾಗಬೇಕು, ಬಿಸಿಯಾದಲ್ಲಿ ರಾಳ ಕರಗಬೇಕು. ಅಷ್ಟೇ ವಿದ್ಯೆ. ಈ ಸೆರಾಮಿಕ್ ಕೆಪ್ಯಾಸಿಟರುಗಳು ಹೀಗೆ ಹೋಗಲು ಬಹಳ ಸಲ ಕಾರಣ ಬೋರ್ಡು ಬಾಗುವುದು. ಒಂದೇ ಮೂಲೆ ಹಿಡಿದು ಎತ್ತಿದಾಗ, ತುಂಬಿದ ಬಸ್ಸಿನಲ್ಲಿ ಚೀಲ ಒತ್ತಿಹೋದಾಗ ಗಾಜಿನಂಥ ಅದರ ಮೈಯಲ್ಲಿ ಕಣ್ಣಿಗೆ ಕಾಣದ ಬಿರುಕು ಮೂಡುತ್ತದೆ. ಬಿರುಕಿನೊಳಗೆ ತೇವ ಇಳಿಯುತ್ತದೆ, ಒಂದು ದಿನ ಕರೆಂಟು ಹೋಗಿ ಜೋರಾಗಿ ಬಂದಾಗ ಮುಗಿಯುತ್ತದೆ. ಕೂಲರ್, ಬಸ್ಸು, ಕರೆಂಟು, ಮೂರರಲ್ಲಿ ತಪ್ಪು ಯಾರದೆಂದು ಕೆಪ್ಯಾಸಿಟರ್ ಹೇಳಲಾರದು. ಬಿಸಿಗಾಳಿ ಊದಿ ಅದನ್ನು ಚಿಮಟದಲ್ಲಿ ಎತ್ತಿದ ಮೇಲೆ ಮೀಟರ್ ಬಾಯಿಮುಚ್ಚಿತು. ಸಾಲಿನಲ್ಲಿ ಒಂದಿಲ್ಲದಿದ್ದರೂ ಯಂತ್ರ ನಡೆಯುತ್ತದೆ, ಆದರೂ ಭಾವೂ ಗೋಡೆಯ ಡೋನರ್ ಬೋರ್ಡೊಂದರಿಂದ ಅದೇ ಅಳತೆಯದನ್ನು ಕಿತ್ತು ಕೂರಿಸಿದ. ಐಪಿಎ ಹಾಕಿ ರಾಳವನ್ನೂ ಬಿಳಿ ಮಚ್ಚೆಗಳನ್ನೂ ತಿಕ್ಕಿ ತೆಗೆದ. ಚಾರ್ಜರ್ ಚುಚ್ಚಿದಾಗ ಅಡಾಪ್ಟರಿನ ದೀಪ ಆರಲಿಲ್ಲ, ಲ್ಯಾಪ್‌ಟಾಪಿನ ಬದಿಯಲ್ಲಿ ಕಿತ್ತಳೆ ದೀಪ ಹೊತ್ತಿತು. ಹುಡುಗಿ ಬಟನ್ ಒತ್ತಿದಳು.

ಯಂತ್ರ ಏಳುತ್ತಿರುವಾಗಲೇ ಷಟರ್ ಕೆಳಗೆ ಇನ್ನೊಂದು ಜೊತೆ ಕಾಲು ಕಾಣಿಸಿತು. ಕಾರ್ಖಾನೆಯೊಂದರ ಸ್ಟೋರ್ಸಿನಿಂದ ಬಂದ ಬಿಹಾರದ ಹುಡುಗ, ಕಂಕುಳಲ್ಲಿ ಕಂಪನಿಯ ಲ್ಯಾಪ್‌ಟಾಪ್. ಇದರಲ್ಲಿ ದೀಪ, ಫ್ಯಾನ್, ಪರದೆ ಎಲ್ಲ ಸರಿ. ಬಯೋಸ್ ಅಪ್‌ಡೇಟ್ ಆದ ಮೇಲೆ ನೀಲಿ ಪರದೆ ಬಂದು ಬಿಟ್‌ಲಾಕರ್ ಕೀಲಿ ಕೇಳುತ್ತಿದೆ. ಡಿಸ್ಕಿನಲ್ಲಿರುವುದೆಲ್ಲ ಬೀಗದೊಳಗೆ. ಯಂತ್ರದ ಒಳಗೇನೋ ಬದಲಾಗಿದೆ ಎಂಬ ಅನುಮಾನ ಬಂದರೆ ಬೀಗ 48 ಅಂಕಿಯ ಸಂಖ್ಯೆಯಿಲ್ಲದೆ ಬಿಡದು. ಇಲ್ಲಿ ಬ್ಲೋವರಿಗೂ ರಾಳಕ್ಕೂ ಕೆಲಸವಿಲ್ಲ.

2024ರ ಜುಲೈ 19ರಂದು ಜಗತ್ತಿಗೆ ಈ ಕಷ್ಟ ಒಟ್ಟಿಗೇ ಬಂದಿತ್ತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ನಮ್ಮ ಹೊತ್ತಿನ ಪ್ರಕಾರ ಬೆಳಿಗ್ಗೆ 9.39ಕ್ಕೆ ಕಳಿಸಿದ ಒಂದು ತಪ್ಪು ಫೈಲಿನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಫೈಲನ್ನು 78 ನಿಮಿಷದಲ್ಲಿ ಹಿಂತೆಗೆದರೂ, ಆಗಲೇ ಬಿದ್ದ ಯಂತ್ರಗಳಲ್ಲಿ ಹೆಚ್ಚಿನವನ್ನು ಒಂದೊಂದಾಗಿ ಸೇಫ್ ಮೋಡಿನಲ್ಲಿ ಎಬ್ಬಿಸಿ ಆ ಫೈಲು ಅಳಿಸಬೇಕಾಯಿತು. ಅದಕ್ಕೆ ಮೊದಲು ಬಹಳ ಕಡೆ ಬೇಕಾದದ್ದು ಇದೇ 48 ಅಂಕಿ. ಎಷ್ಟು ದೊಡ್ಡ ಕಂಪನಿಯಾದರೂ ಕಡೆಗೆ ಒಬ್ಬರು ಕೀಬೋರ್ಡಿನ ಮುಂದೆ ಕೂತು ಅಂಕಿ ಒತ್ತಲೇಬೇಕು.

ಹುಡುಗ ಪುಣೆಯ ಆಫೀಸಿನ ಐಟಿಯವರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. ಆ ಕಡೆಯಿಂದ ಹೆಣ್ಣುಮಗಳೊಬ್ಬಳು ಆರಾರು ಅಂಕಿಯ ಎಂಟು ಗುಂಪುಗಳನ್ನು ಓದತೊಡಗಿದಳು, ಎರಡೆರಡು ಅಂಕಿ ಸೇರಿಸಿ, ಮರಾಠಿಯಲ್ಲಿ. ಪ್ರತಿ ಗುಂಪೂ 11ರಿಂದ ನಿಶ್ಶೇಷವಾಗಿ ಭಾಗವಾಗುವಂತೆ ಕೀಲಿಯನ್ನು ಹೊಸೆದಿರುತ್ತಾರೆ. ತಪ್ಪು ಒತ್ತಿದರೆ ಪರದೆ ಆ ಗುಂಪಿನಲ್ಲೇ ಹಿಡಿದುಹಾಕುತ್ತದೆ. ನಾಲ್ಕು ಗುಂಪು ಹೇಗೋ ದಾಟಿದವು. ಐದನೆಯದಕ್ಕೆ ಅವಳು "ಸದುಸಷ್ಟ, ಪಂಚಾವನ್ನ, ಬತ್ತೀಸ್" ಎಂದಳು. ಹುಡುಗನಿಗೆ ಮೊದಲನೆಯದು ಸತ್ತರ್ ಎಂದು ಕೇಳಿಸಿತು. 70 ಒತ್ತಿದ. ಪರದೆ ಒಪ್ಪಲಿಲ್ಲ. ಅವಳು ಇನ್ನೂ ಜೋರಾಗಿ ಅದನ್ನೇ ಹೇಳಿದಳು, ಅವನು ಇನ್ನೂ ಒತ್ತಿ 70 ಹಾಕಿದ.

ಭಾಲ್ಕಿಯ ಅಪ್ಪ ಬಿಲ್ಲು ಕೊಡಲು ಪಾಕೀಟು ತೆಗೆದವರು ಅಲ್ಲೇ ನಿಂತು, "ಅರೆ ಬೇಟಾ, ಸಡ್‌ಸಠ್, ಸಡ್‌ಸಠ್," ಎಂದು ಕೂಗಿದರು. ಮಗಳ ಕಡೆ ತಿರುಗಿ, "ಅರವತ್ತೇಳು ಅನ್ಲಿಕತ್ಯಾಳ ಆಕಿ," ಎಂದರು. ಹುಡುಗ 67 ಒತ್ತಿದ, 55, 32. ಪರದೆ ಆರನೆಯ ಗುಂಪಿಗೆ ಸರಿಯಿತು. ಭಾವೂ ಒಂದು ಸ್ಟೂಲನ್ನು ಕಾಲಿನಿಂದ ಮೇಜಿನ ಹತ್ತಿರಕ್ಕೆ ಸರಿಸಿ, "ಬಸಾ ಕಾಕಾ," ಎಂದ. ಅಪ್ಪ ಪಾಕೀಟನ್ನು ಜೇಬಿಗೆ ಹಾಕಿ ಕೂತರು. ಫೋನಿನಲ್ಲಿ ಮುಂದಿನದು ಆಗಲೇ ಶುರುವಾಗಿತ್ತು.